ಬ್ರಹ್ಮಗಿರಿಯ ಶಿಲಾಸಮಾಧಿಗಳ ಕಾಲವಿಚಾರ

ಕರ್ಣಾಟಕದ ಇತಿಹಾಸವನ್ನು ಅಶೋಕನ ಶಾಸನಗಳಿಂದ ಆರಂಭಿಸುವುದು ವಿದ್ವಾಂಸರಲ್ಲಿ ರೂಢಿಯಾಗಿದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಮಹಾಶಯರು 1892ರಲ್ಲಿ ಬೆಳಕಿಗೆ ತಂದ ಶಾಸನವು ಅಂಥವುಗಳಲ್ಲೊಂದು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಲ್ಪಟ್ಟ ಆಜ್ಞೆಯದು. ಅದೇ ಬೆಟ್ಟದ ಆಸುಪಾಸಿನಲ್ಲಿ ಅಕ್ಷರವಿಲ್ಲದ ಬೇರೊಂದು ಸಾಕ್ಷ್ಯವೂ ಉಂಟು. ಅವೇ ಅಲ್ಲಿನ ಶಿಲಾಸಮಾಧಿಗಳು. ಈ ಎರಡರಲ್ಲಿ ಪೂರ್ವದ್ದು ಯಾವುದೆಂಬುದೇ ಇಲ್ಲಿ ವಿಚಾರಣೀಯ.

ಹೊರಗಿನಿಂದ ನೋಡುವವರಿಗೆ ಇವು ಕಲ್ಲುಗುಂಡುಗಳ ವೃತ್ತಗಳು ಮಾತ್ರ. ಒಳಗೆ ನಾಲ್ಕು ಬಂಡೆಗಳನ್ನು ಸ್ವಸ್ತಿಕದ ಕ್ರಮದಲ್ಲಿ ನಿಲ್ಲಿಸಿ, ಮೇಲೆ ಚಪ್ಪಡಿಯನ್ನು ಮುಚ್ಚಿ ಕಟ್ಟಿದ ಕೋಣೆಗಳಿವೆ. ಪೂರ್ವದ ಬಂಡೆಯಲ್ಲಿ ದುಂಡನೆಯ ರಂಧ್ರವುಂಟು. ಅಸ್ಥಿಗಳು, ಕಪ್ಪು ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಆಯುಧಗಳು ಇವುಗಳಲ್ಲಿ ದೊರೆತಿವೆ. ಗೃಹ್ಯಸೂತ್ರಗಳ ಅಸ್ಥಿಸಂಚಯನವು ಇಲ್ಲಿ ನೆನಪಿಗೆ ಬಾರದಿರದು. ಆದರೆ ಅದು ದಹನಾನಂತರದ ಕ್ರಿಯೆ. ಇಲ್ಲಿಯಾದರೋ ಶವವನ್ನು ಬೇರೆಡೆಯಲ್ಲಿರಿಸಿ, ಮಾಂಸವು ಕಳೆದ ಬಳಿಕ ಅಸ್ಥಿಗಳನ್ನು ತಂದಿರಿಸಿದರೆಂಬುದು ಶೋಧಕರ ಅಭಿಪ್ರಾಯ. ಆದುದರಿಂದ ಸಾದೃಶ್ಯಮಾತ್ರದಿಂದ ಎರಡನ್ನೂ ಒಂದೆನ್ನಲಾಗದು.

1947ರಲ್ಲಿ ಮಾರ್ಟಿಮರ್ ವೀಲರರು ಇಲ್ಲಿ ಅಗೆದು ಮೂರು ಸ್ತರಗಳನ್ನು ಗುರುತಿಸಿದರು: ಕೆಳಗೆ ಶಿಲಾಪರಶುಗಳ ಜನ, ನಡುವೆ ಸಮಾಧಿಗಳ ಜನ, ಮೇಲೆ ಆಂಧ್ರರ ಕಾಲದ ಜನ. ಮೇಲಿನ ಸ್ತರದಲ್ಲಿ ದೊರೆತ ಒಂದು ಬಗೆಯ ಮಡಕೆಯು ಅರಿಕಮೇಡುವಿನಲ್ಲಿ ರೋಮದ ಪಾತ್ರೆಗಳೊಡನೆ ಸಿಕ್ಕಿದ್ದುದರಿಂದ ಅದರ ಕಾಲವು ತಿಳಿದಿತ್ತು. ಅಲ್ಲಿಂದ ಹಿಂದಕ್ಕೆ ಎಣಿಸಿ, ಸಮಾಧಿಗಳ ಆರಂಭವನ್ನು ಅವರು ಸುಮಾರು ಕ್ರಿ. ಪೂ. 200 ಎಂದು ನಿರ್ಣಯಿಸಿದರು. ಈ ಮತದಂತೆ ಸಮಾಧಿಗಳನ್ನು ಕಟ್ಟಿದವರು ಅಶೋಕನ ಲಿಪಿಗಿಂತ ಈಚೆಗೆ ಬಂದವರು.

ಆದರೆ 1965ರಲ್ಲಿ ತುಂಗಭದ್ರಾತೀರದ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನದಲ್ಲಿ ಕಬ್ಬಿಣದೊಡನೆ ದೊರೆತ ಇದ್ದಿಲನ್ನು ಪರೀಕ್ಷಿಸಲಾಗಿ, ಅದರ ಕಾಲವು ಕ್ರಿ. ಪೂ. 1000ದ ಸುಮಾರಿಗೆ ಸಂದಿತು. ಸಮಾಧಿಗಳ ಜನರನ್ನು ಅಶೋಕನ ಈಚೆಗೆ ಇರಿಸುವ ಆಧಾರವು ಇದರಿಂದ ಶಿಥಿಲವಾಯಿತು. ಹಳ್ಳೂರಿನ ಕಾಲವನ್ನು ಬ್ರಹ್ಮಗಿರಿಯ ಪ್ರತಿಯೊಂದು ಸಮಾಧಿಗೂ ಆರೋಪಿಸುವುದು ಯುಕ್ತವಲ್ಲ. ಈ ಪದ್ಧತಿಯು ಅನೇಕ ಶತಮಾನಗಳು ನಡೆದು ಬಂದುದು. ಆದರೂ ಇಷ್ಟನ್ನು ಹೇಳಬಹುದು: ವೀಲರರು ತೋರಿದ ಪೌರ್ವಾಪರ್ಯವು ನಿಲ್ಲುತ್ತದೆ, ವರ್ಷಗಣನೆಯು ನಿಲ್ಲದು. ಕ್ರಮವು ಮಣ್ಣಿನಲ್ಲಿಯೇ ಕಂಡದ್ದು, ವರ್ಷವು ಊಹೆಯಿಂದ ಬಂದದ್ದು.

ಹೀಗಿರಲಾಗಿ ಸುವರ್ಣಗಿರಿಯ ಆಜ್ಞೆಯು ಇಸಿಲಕ್ಕೆ ಬಂದಾಗ ಅದು ಬರಿದಾದ ನೆಲಕ್ಕೆ ಬರಲಿಲ್ಲ. ಕಬ್ಬಿಣವನ್ನು ಬಲ್ಲ, ಮೃತರಿಗಾಗಿ ಬಂಡೆಗಳನ್ನೆತ್ತಿ ನಿಲ್ಲಿಸಬಲ್ಲ ಜನರ ನಾಡಿಗೆ ಬಂದಿತು. ಲಿಪಿಯನ್ನೇ ಇತಿಹಾಸದ ಆದಿಯೆಂದು ಪಾಠ ಹೇಳುವವರು, ಆ ಲಿಪಿಯ ನೆರೆಯಲ್ಲಿಯೇ ಇರುವ ಈ ಮೂಕ ಶಿಲೆಗಳನ್ನೂ ಪಾಠದಲ್ಲಿ ಸೇರಿಸಿಕೊಳ್ಳುವುದು ನ್ಯಾಯವಾಗಿದೆ.