ಗಾಂಧಿ ಬಜಾರಿನ ಲೆಕ್ಕ ಯಾರ ಕೈಯಲ್ಲಿ?

ಕಂಪ್ಯೂಟರಿನ ಫೈಲಿಗೆ ಕನ್ನಡದಲ್ಲಿ ಕಡತ ಎನ್ನುತ್ತೇವೆ. ಆ ಮಾತು ಬಂದದ್ದು ಬಟ್ಟೆಯಿಂದ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತ. ಶಾನುಭೋಗರು, ವರ್ತಕರು, ಮಠಗಳವರು ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆದರು; ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಬರೆದದ್ದನ್ನು ಒರೆಸಿ ತಿದ್ದಬಹುದಿತ್ತು, ಮಸಿ ಬಳಿದು ಹೊಸದು ಮಾಡಿಕೊಳ್ಳಬಹುದಿತ್ತು. ವ್ಯಾಪಾರದ ಮಾಹಿತಿಯನ್ನು ಹಿಡಿದಿಡುವ, ಬೇಕಾದಾಗ ತೆಗೆದು ನೋಡುವ ವ್ಯವಸ್ಥೆಗೆ ನಮ್ಮಲ್ಲಿ ಅಷ್ಟು ಹಳೆಯ ಬೇರಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಪ್ಲೇಗಿನ ದಿನಗಳ ಆಸುಪಾಸಿನಲ್ಲಿ, ಬೆಂಗಳೂರಿನ ಬಸವನಗುಡಿ ಬಡಾವಣೆ ಎದ್ದಿತು. ಅದರ ನಡುವೆ ಬೆಳೆದ ಗಾಂಧಿ ಬಜಾರಿನ ಅಂಗಡಿಗಳದ್ದು ಕಾಗದದ ಕಾಲ. ಅಂದಂದಿನ ವಹಿವಾಟು ಕಿರ್ದಿಗೆ, ಅಲ್ಲಿಂದ ಆಯಾ ಗಿರಾಕಿಯ ಖಾತೆಗೆ. ಕಿರ್ದಿಯಲ್ಲಿ ಮೊತ್ತದ ಪಕ್ಕದಲ್ಲಿ ಬಾಬ್ತು ಬರೆಯಲೇಬೇಕು: ಹಣ ಯಾವುದಕ್ಕೆ ಬಂತು, ಯಾವುದಕ್ಕೆ ಹೋಯಿತು. ತಿಂಗಳ ಸಂಬಳದ ಮನೆಗಳಿಗೆ ಅಂಗಡಿಯವರು ದಿನಸಿ ಬರೆದುಕೊಂಡು ಕೊಡುತ್ತಿದ್ದರು. ಅಂಗಡಿಯಲ್ಲೊಂದು ಪುಸ್ತಕ, ಮನೆಯಲ್ಲೊಂದು ಪುಸ್ತಕ. ಒಂದನೇ ತಾರೀಖು ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುವುದು. ಕೊಟ್ಟವನ ಬಳಿಯೂ ಕೊಂಡವನ ಬಳಿಯೂ ಒಂದೇ ಲೆಕ್ಕ ಇರುತ್ತಿದ್ದ ಈ ಏರ್ಪಾಟನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಹೋಟೆಲುಗಳದ್ದು ಬೇರೆ ದಾರಿ. 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನದಲ್ಲಿ ಮಾಣಿ ಹಲವು ಮೇಜುಗಳ ಆರ್ಡರನ್ನು ಚೀಟಿಯಿಲ್ಲದೆ ತಲೆಯಲ್ಲೇ ಇಟ್ಟುಕೊಂಡು ಒಳಗೆ ಹೋಗಿ, ತೋಳಿನುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಬರುವುದನ್ನು ನೋಡದವರು ಬಸವನಗುಡಿಯಲ್ಲಿ ಕಡಿಮೆ. ಯಾರಿಗೆ ಏನು ಎಂಬ ಮಾಹಿತಿ ಅಲ್ಲಿ ಮನುಷ್ಯನ ನೆನಪಿನಲ್ಲಿದೆ. 1980ರ ದಶಕದಲ್ಲಿ ಜಯನಗರದ ಕಡೆಯಿಂದ ಹರಡಿದ ದರ್ಶಿನಿಗಳು ಆ ನೆನಪನ್ನು ಚೀಟಿಗೆ ಇಳಿಸಿದವು. ದುಡ್ಡು ಮೊದಲು, ಚೀಟಿ ಆಮೇಲೆ, ತಿಂಡಿ ಕೊನೆಗೆ. ಮೇಜು ಹೋಯಿತು, ಮಾಣಿ ಹೋದ, ಬಾಕಿಯ ಮಾತೂ ಹೋಯಿತು. ಕಂಪ್ಯೂಟರಿನ ಸುಳಿವೇ ಇಲ್ಲದೆ ನಡೆದ ಈ ಬದಲಾವಣೆಯಿಂದಾಗಿಯೇ ಮುಂದೆ ಬಿಲ್ಲಿಂಗ್ ಮೆಷಿನ್ ಅಲ್ಲಿ ಸಲೀಸಾಗಿ ಕೂತಿತು. ಚೀಟಿ ಹರಿಯುವ ಮೆಷಿನ್ನೇ ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ಎಷ್ಟು ತಟ್ಟೆ ಇಡ್ಲಿ ಹೋಯಿತು ಎಂದೂ ಹೇಳುತ್ತದೆ. ನಾಳೆಗೆ ಎಷ್ಟು ಅಕ್ಕಿ ನೆನೆಹಾಕಬೇಕು, ಭಾನುವಾರಕ್ಕೆ ಎಷ್ಟು ಹಿಟ್ಟು ರುಬ್ಬಬೇಕು ಎಂಬುದು ಅದರಿಂದ ತೀರ್ಮಾನವಾಗುತ್ತದೆ. ದಿನದ ಕೆಲಸದ ದಾಖಲೆ ಆಡಳಿತದ ಬುದ್ಧಿಯಾಗಿ ಮಾರ್ಪಡುವುದಕ್ಕೆ ಇದಕ್ಕಿಂತ ತಿಳಿಯಾದ ಉದಾಹರಣೆ ನನಗೆ ಗೊತ್ತಿಲ್ಲ.

ದೊಡ್ಡ ಕಾರ್ಖಾನೆ, ಬ್ಯಾಂಕುಗಳ ಕತೆ ಹೆಚ್ಚು ಬರೆಯಲ್ಪಟ್ಟಿದೆ. 1983ರಲ್ಲಿ ಇನ್ಫೋಸಿಸ್ ಪುಣೆ ಬಿಟ್ಟು ಬೆಂಗಳೂರಿಗೆ ಬಂದದ್ದಕ್ಕೆ ಮೈಕೋ ಕಾರ್ಖಾನೆಯ ಕೆಲಸ ಒಂದು ಮುಖ್ಯ ಕಾರಣ. 1984ರ ರಂಗರಾಜನ್ ಸಮಿತಿಯ ವರದಿಯ ನಂತರ ಬ್ಯಾಂಕುಗಳ ದಪ್ಪ ಲೆಡ್ಜರುಗಳ ಜಾಗಕ್ಕೆ ಮೆಲ್ಲಗೆ ಯಂತ್ರಗಳು ಬಂದವು. ಆದರೆ ಯಂತ್ರ ಬಂದ ಮಾತ್ರಕ್ಕೆ ಲೆಕ್ಕ ನೆಟ್ಟಗಾಗುವುದಿಲ್ಲ. 2020ರ ಜನವರಿಯಲ್ಲಿ ಬಸವನಗುಡಿಯದೇ ಒಂದು ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಖಾತೆದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ, ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯರು ಈ ಪಾಠವನ್ನು ಬಹಳ ದುಬಾರಿ ಬೆಲೆಗೆ ಕಲಿತರು.

ಅಂಗಡಿ ಬೀದಿಯ ಮಟ್ಟಿಗೆ ನಿಜವಾದ ತಿರುವು ಟ್ಯಾಲಿ. ಗಿರಣಿ, ಕಾರ್ಖಾನೆಗಳಿಗೆ ಕಚ್ಚಾಸಾಮಗ್ರಿ, ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಒಗ್ಗುವ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಅದನ್ನು ಬರೆದುಕೊಟ್ಟರು. 1986ರಲ್ಲಿ ಬೆಂಗಳೂರಿನಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಲ್ಲಿ ಶುರುವಾದ ಕಂಪನಿ 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಆಯಿತು. ಅಂದಿನ ಲೆಕ್ಕದ ಪ್ರೋಗ್ರಾಮುಗಳಲ್ಲಿ ಪ್ರತಿ ಖಾತೆಗೂ ಒಂದು ಸಂಕೇತಸಂಖ್ಯೆ ಕೊಟ್ಟು ಅದನ್ನು ನೆನಪಿಡಬೇಕಿತ್ತು. ಟ್ಯಾಲಿಯಲ್ಲಿ ಖಾತೆಯ ಹೆಸರು ಹಾಕಿದರೆ ಸಾಕಾಯಿತು. ಖಾತೆಪುಸ್ತಕ ತಿರುವಿದ ಬೆರಳಿಗೆ ಕೀಬೋರ್ಡು ಪರಕೀಯ ಎನ್ನಿಸದಿದ್ದುದು ಇದರಿಂದಲೇ. ಬಿ.ಕಾಂ. ಮುಗಿಸಿದ ಹುಡುಗ ಹುಡುಗಿಯರು ಮಹಡಿಯ ಮೇಲಿನ ಇನ್‌ಸ್ಟಿಟ್ಯೂಟುಗಳಲ್ಲಿ ಟ್ಯಾಲಿ ಕಲಿತರು. ಸಂಜೆ ಹೊತ್ತು ಮೂರು ನಾಲ್ಕು ಅಂಗಡಿ ಸುತ್ತಿ ಲೆಕ್ಕ ಬರೆದುಕೊಡುವ ಪಾರ್ಟ್‌ಟೈಮ್ ಅಕೌಂಟೆಂಟ್ ಎಂಬ ಕಸುಬೇ ಹುಟ್ಟಿಕೊಂಡಿತು. ನನ್ನ ಕೊರಗು ಒಂದೇ: ಯಾರ ಬಾಕಿ ಎಷ್ಟು ದಿನದಿಂದ ನಿಂತಿದೆ, ಯಾವ ಸರಕು ಕಪಾಟಿನಲ್ಲೇ ಕೂತು ದುಡ್ಡು ಕಟ್ಟಿಹಾಕಿದೆ ಎಂದು ಟ್ಯಾಲಿ ಒಂದೇ ಗಳಿಗೆಯಲ್ಲಿ ತೋರಿಸಬಲ್ಲದು. ಆದರೂ ನಾನು ಕಂಡ ಬಹಳಷ್ಟು ಮಾಲೀಕರು ಆ ಪಟ್ಟಿಯನ್ನು ತೆರೆದೇ ನೋಡಲಿಲ್ಲ. ಅದೇನಿದ್ದರೂ ಆಡಿಟರಿಗೆ ಎಂದುಕೊಂಡರು.

ಆ ಭಾವನೆಗೆ ಕಾರಣವೂ ಇತ್ತು. 2005ರ ಏಪ್ರಿಲ್‌ನಲ್ಲಿ ವ್ಯಾಟ್ ಬಂದಾಗ ಕಂಪ್ಯೂಟರ್ ಕೊಂಡವರು ಹೆಚ್ಚಾಗಿ ತೆರಿಗೆಗಾಗಿ ಕೊಂಡರು. ಸರಕು ಸಾಗಿಸುವ ಮುನ್ನ ಇಲಾಖೆಯ ಇ-ಸುಗಮ್ ಜಾಲತಾಣದಿಂದ ನಂಬರು ಪಡೆಯುವ ಪದ್ಧತಿ ಆಮೇಲೆ ಬಂತು. 2017ರ ಜುಲೈ 1ರಂದು ಜಿಎಸ್‌ಟಿ. ರಾಜ್ಯದೊಳಗಿನ ಸಾಗಾಟಕ್ಕೂ ಇ-ವೇ ಬಿಲ್ ಅನ್ನು 2018ರ ಏಪ್ರಿಲ್ 1ರಿಂದ ಮೊದಲು ಜಾರಿಗೆ ತಂದದ್ದು ಕರ್ನಾಟಕ. 2023ರ ಆಗಸ್ಟ್‌ನಿಂದ ವರ್ಷಕ್ಕೆ 5 ಕೋಟಿ ದಾಟಿದ ವಹಿವಾಟಿದ್ದವರು ಬೇರೆ ವ್ಯಾಪಾರಿಗಳಿಗೆ ಮಾರುವಾಗ ಇ-ಇನ್‌ವಾಯ್ಸ್ ಕಡ್ಡಾಯ. ಮಾಲೀಕನ ಪ್ರಶ್ನೆಗೆ ಉತ್ತರ ಹೇಳಲು ಹುಟ್ಟಿದ ಲೆಕ್ಕ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ, ಅಂಗಡಿಯ ಹೊರಗಿನವರ ಪ್ರಶ್ನೆಗೆ ಉತ್ತರ ಹೇಳುವಂತಾಯಿತು. ಕಳ್ಳ ಲೆಕ್ಕ ತಗ್ಗಿರಬಹುದು, ಅದು ಒಳ್ಳೆಯದೇ. ಆದರೆ ಬೀದಿಯ ಅತಿ ಚಿಕ್ಕ ವ್ಯಾಪಾರಿಗೆ ಇದರ ಬಿಸಿ ತಟ್ಟಿದ್ದು ಕೊನೆಯಲ್ಲಿ, ಅದೂ ಎಚ್ಚರಿಕೆಯಿಲ್ಲದೆ.

2016ರಲ್ಲಿ ಯುಪಿಐ ಬಂತು, ಅದೇ ವರ್ಷದ ನವೆಂಬರಿನಲ್ಲಿ ನೋಟು ರದ್ದಾಯಿತು. ಹೂವಿನ ಬುಟ್ಟಿಗೂ ಕ್ಯೂಆರ್ ಚೀಟಿ ಅಂಟಿತು, ಕನ್ನಡದಲ್ಲೇ ಹಣ ಬಂತೆಂದು ಕೂಗುವ ಪೆಟ್ಟಿಗೆ ಬಂತು. ಸಾಲದ ಪುಸ್ತಕವನ್ನು ಮೊಬೈಲಿಗೆ ತಂದ ಓಕೆ ಕ್ರೆಡಿಟ್‌ನಂಥ ಆ್ಯಪ್‌ಗಳೂ ಬೆಂಗಳೂರಿನಲ್ಲೇ ಹುಟ್ಟಿದವು. ಚಿಲ್ಲರೆಯ ಜಗಳ ಮುಗಿದ ಸಂತೋಷದಲ್ಲಿ, ಈ ಪ್ರತಿ ಕೂಗೂ ಎಲ್ಲೋ ಒಂದು ಕಡೆ ದಾಖಲಾಗುತ್ತಿದೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷದ ವಾರ್ಷಿಕ ಮಿತಿ ದಾಟಿದ್ದೀರಿ ಎಂಬುದು ಅದರ ಸಾರ. ನಗರದ ತುಂಬ ‘ಕ್ಯಾಷ್ ಮಾತ್ರ’ ಬೋರ್ಡುಗಳು ನೇತಾಡಿದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಮಾತಾಡಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಎಂದ ಮೇಲೆ ಕಾವು ಇಳಿಯಿತು.

ನೋಟಿಸು ಬಂದವರ ಕಷ್ಟ ಒಂದೇ ಬಗೆಯದಾಗಿತ್ತು. ಬ್ಯಾಂಕಿನ ಪಟ್ಟಿಯಲ್ಲಿ ಮೊತ್ತವಿದೆ, ತಾರೀಖಿದೆ, ಕಳಿಸಿದವರ ಹೆಸರಿದೆ. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರಿ ಬಂದದ್ದು ಯಾವುದು, ತಂಗಿ ಕೈಗಡ ಕಳಿಸಿದ್ದು ಯಾವುದು, ಪಕ್ಕದ ಅಂಗಡಿಯವನ ಪರವಾಗಿ ಹಾಕಿಸಿಕೊಂಡದ್ದು ಯಾವುದು ಎಂದು ಬೇರ್ಪಡಿಸಲು ಅದರಲ್ಲಿ ಏನೂ ಇಲ್ಲ. ಕಿರ್ದಿಯಲ್ಲಿ ತಾತ ಬಿಡದೆ ಬರೆಯುತ್ತಿದ್ದ ಬಾಬ್ತನ್ನು, ನಾಲ್ಕು ವರ್ಷ ಹಿಂದಿನ ಸಾವಿರಾರು ಜಮೆಗಳಿಗೆ ಮೊಮ್ಮಗ ನೆನಪಿನಿಂದ ತುಂಬಬೇಕಾಯಿತು.