ಸಾಗರ ಶಬ್ದಕಲೆ

ಸಾಗರ ಶಬ್ದಕಲೆ: ಸಮುದ್ರಜೀವಿಗಳ ದನಿಯನ್ನೂ ಹಡಗು, ಸೋನಾರ್, ತೈಲಶೋಧನೆಯಂಥ ಮಾನವ ಚಟುವಟಿಕೆಗಳ ಸದ್ದನ್ನೂ ನೀರಿನೊಳಗೆ ಧ್ವನಿಮುದ್ರಿಸಿ ಕೃತಿಯಾಗಿ ರೂಪಿಸುವ ಕಲಾಪ್ರಕಾರ.

ಇದರ ಮೂಲ ನೌಕಾಪಡೆಯ ಕಣ್ಗಾವಲಿನಲ್ಲಿದೆ. ಬರ್ಮುಡಾದಲ್ಲಿ ಅಮೆರಿಕದ ನೌಕಾಪಡೆಗಾಗಿ ದುಡಿಯುತ್ತಿದ್ದ ಎಂಜಿನಿಯರ್ ಫ್ರಾಂಕ್ ವಾಟ್ಲಿಂಗ್ಟನ್ ಮುದ್ರಿಸಿದ್ದ ಗೂನುಬೆನ್ನಿನ ತಿಮಿಂಗಿಲಗಳ ದನಿಯನ್ನು ಜೀವವಿಜ್ಞಾನಿ ರೋಜರ್ ಪೇನ್ 1970ರಲ್ಲಿ ಧ್ವನಿಮುದ್ರಿಕೆಯಾಗಿ ಹೊರತಂದರು. ಆ ದನಿಗಳು ನಿಶ್ಚಿತ ಕ್ರಮದಲ್ಲಿ ಮರುಕಳಿಸುವ ಹಾಡುಗಳೆಂದು ಪೇನ್ ಮತ್ತು ಸ್ಕಾಟ್ ಮೆಕ್‌ವೇ 1971ರಲ್ಲಿ ತೋರಿಸಿದರು. ತಿಮಿಂಗಿಲ ಬೇಟೆಯ ವಿರುದ್ಧದ ಚಳವಳಿಗೆ ಇದರಿಂದ ದೊಡ್ಡ ಬಲ ಬಂತು. ವಾಣಿಜ್ಯ ಬೇಟೆ ನಿಲ್ಲಿಸುವ ಅಂತರರಾಷ್ಟ್ರೀಯ ತೀರ್ಮಾನ 1982ರಲ್ಲಿ ಆಯಿತು. 1977ರ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನಲೇಪಿತ ಧ್ವನಿತಟ್ಟೆಯಲ್ಲೂ ತಿಮಿಂಗಿಲದ ಹಾಡಿದೆ.

ಮುಖ್ಯ ಸಾಧನ ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್. ಸಮುದ್ರದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಗಾಳಿಯಲ್ಲಿರುವುದರ ನಾಲ್ಕು ಪಟ್ಟಿಗೂ ಹೆಚ್ಚು. ಚಿಟಿಕೆ ಸೀಗಡಿ ಕೊಂಡಿಯನ್ನು ಫಟ್ಟನೆ ಮುಚ್ಚಿದಾಗ ಹುಟ್ಟುವ ಗುಳ್ಳೆ ಕುಸಿದು ಸಿಡಿಯುತ್ತದೆ. ಸಾವಿರಾರು ಸೀಗಡಿಗಳು ಸೇರಿದರೆ ಹುರಿಗಡಲೆ ಬಾಣಲೆಯ ಚಟಪಟ ಕೇಳಿಸುತ್ತದೆ. ಹಡಗಿನ ಎಂಜಿನ್ ಮತ್ತು ಪ್ರೊಪೆಲರ್‌ನ ತಗ್ಗುಸ್ವರದ ಮೊರೆತ ತಿಮಿಂಗಿಲಗಳ ಪರಸ್ಪರ ಕರೆಯನ್ನೇ ಮುಚ್ಚಿಹಾಕಬಲ್ಲದು. ನಾರ್ವೆಯ ಯಾನಾ ವಿಂಡೆರೆನ್ ಈ ಕ್ಷೇತ್ರದ ಪ್ರಮುಖ ಕಲಾವಿದೆ. ಮೀನು, ಸೀಗಡಿ, ಹಿಮನದಿಗಳ ದನಿ ಅವರ ಕೃತಿಗಳ ವಸ್ತು. 2011ರಲ್ಲಿ ಅವರಿಗೆ ಆಸ್ಟ್ರಿಯದ ಆರ್ಸ್ ಎಲೆಕ್ಟ್ರಾನಿಕಾ ಸಂಸ್ಥೆಯ ಗೋಲ್ಡನ್ ನಿಕಾ ಪ್ರಶಸ್ತಿ ಸಂದಿತು.

ಕರ್ನಾಟಕದ ಕರಾವಳಿಗೂ ಈ ವಸ್ತು ದೂರದ್ದಲ್ಲ. ಅರಬ್ಬಿ ಸಮುದ್ರದ ಗೂನುಬೆನ್ನಿನ ತಿಮಿಂಗಿಲಗಳು ಇತರ ಬಳಗಗಳಂತೆ ಧ್ರುವದತ್ತ ವಲಸೆ ಹೋಗದೆ ಇಲ್ಲೇ ಉಳಿಯುವ ಅಳಿವಿನಂಚಿನ ಗುಂಪು. ಒಮಾನ್ ಬಳಿ 2017ರಲ್ಲಿ ಉಪಗ್ರಹ ಸಾಧನ ಅಳವಡಿಸಿದ್ದ ಲುಬಾನ್ ಎಂಬ ಹೆಣ್ಣು ತಿಮಿಂಗಿಲ ಸಮುದ್ರ ದಾಟಿ ಭಾರತದ ದಕ್ಷಿಣ ತುದಿಯವರೆಗೆ ಬಂದಿತ್ತು.