ಘಟ್ಟದ ಗಾಡಿರಸ್ತೆಯೂ ಹೊಳೆಯ ಕೆಂಪುನೀರೂ

ಆಷಾಢದಲ್ಲಿ ಉತ್ತರ ಕನ್ನಡದ ಹೊಳೆಗಳು ಕೆಂಪಾಗಿ ಹರಿಯುವುದಕ್ಕೆ ಕಾರಣವೇನೆಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಆಂಗ್ಲ ಅಧಿಕಾರಿಗಳನ್ನು ಕಾಡತೊಡಗಿದಾಗ, ಅವರ ಬೆರಳು ನೆಟ್ಟಗೆ ತಿರುಗಿದ್ದು ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯಗಾರನ ಕೊಡಲಿಯ ಕಡೆಗೆ. 1847ರಲ್ಲಿ ಮುಂಬಯಿ ಪ್ರಾಂತದ ಅರಣ್ಯ ಸಂರಕ್ಷಕನಾದ ಅಲೆಗ್ಸಾಂಡರ್ ಗಿಬ್ಸನ್ನನು, ಗುಡ್ಡಗಳ ಮರ ಕಡಿದುದರಿಂದಲೇ ಕೊಂಕಣದ ಹೊಳೆಗಳಲ್ಲಿ ಹೂಳು ತುಂಬುತ್ತಿದೆಯೆಂದು ಬರೆದನು. ಶಿವಮೊಗ್ಗೆಯಲ್ಲಿ ವೈದ್ಯನಾಗಿದ್ದು 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಕನಾದ ಹ್ಯೂ ಕ್ಲೆಗ್‌ಹಾರ್ನನೂ ಕುಮರಿಯನ್ನು ಕಾಡಿನ ಶತ್ರುವೆಂದೇ ಬಗೆದನು. 1860ರ ಸುಮಾರಿಗೆ ಕನ್ನಡ ಜಿಲ್ಲೆಯಲ್ಲಿ ಕುಮರಿಗೆ ಸರಕಾರದ ನಿರ್ಬಂಧವೂ ಬಿದ್ದಿತು. ಕುಮರಿಯು ನಿರ್ದೋಷವೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಸುಟ್ಟ ಇಳಿಜಾರಿನ ಮೇಲೆ ಮೊದಲ ಮಳೆ ಬಿದ್ದರೆ ಮಣ್ಣು ಕದಲದೆ ಇರಲಾರದು. ಆದರೆ ಅದೇ ದಶಕಗಳಲ್ಲಿ ಸರಕಾರವೇ ಘಟ್ಟದ ಮೈಯನ್ನು ಕಡಿದು ಮಾಡಿಸಿದ ಗಾಡಿರಸ್ತೆಗಳ ಮಾತು ಈ ವಿಚಾರಣೆಯಲ್ಲಿ ಎದ್ದದ್ದು ಅಪರೂಪ; ವರದಿ ಬರೆಯುವವರು ಆ ರಸ್ತೆಗಳ ಮೇಲೆಯೇ ಸಂಚರಿಸುತ್ತಿದ್ದುದರಿಂದಲೋ ಏನೋ.

ಗಾಡಿ ಬರುವುದಕ್ಕೆ ಮುನ್ನ ಘಟ್ಟದ ವ್ಯಾಪಾರವೆಲ್ಲ ಹೇರೆತ್ತುಗಳ ಬೆನ್ನಿನ ಮೇಲೆ ನಡೆಯುತ್ತಿತ್ತು. ಗೋಕರ್ಣದ ಮಗ್ಗುಲ ಸಾಣಿಕಟ್ಟೆಯ ಉಪ್ಪು ಮೇಲಕ್ಕೂ, ಶಿರಸಿ ಸೀಮೆಯ ಅಡಿಕೆ ಮೆಣಸುಗಳು ಕೆಳಕ್ಕೂ, ಲಂಬಾಣಿಗಳ ಎತ್ತಿನ ಹಿಂಡುಗಳೊಡನೆ ಏರಿ ಇಳಿಯುತ್ತಿದ್ದವು. 1801ರಲ್ಲಿ ಕರಾವಳಿಯಿಂದ ಹೊರಟು ಯಲ್ಲಾಪುರ, ಸೋದೆ, ಶಿರಸಿಗಳನ್ನು ಹಾದುಹೋದ ಫ್ರಾನ್ಸಿಸ್ ಬುಕನನ್ನನು ಘಟ್ಟವನ್ನೇರಿದ್ದು ಆ ಕಾಲದಲ್ಲಿ. ಹೇರೆತ್ತಿನ ದಾರಿ ಕಡಿದಾದುದು ನಿಜ. ಆದರೆ ಒಂದರ ಹಿಂದೆ ಒಂದು ಎತ್ತು ನಡೆಯುವಷ್ಟೇ ಅಗಲವಾಗಿ, ಮೇಲೆ ಮರದ ನೆರಳು ಕೂಡಿಕೊಂಡು, ಸಾಧ್ಯವಾದಲ್ಲೆಲ್ಲ ಗುಡ್ಡದ ಏಣನ್ನೇ ಹಿಡಿದು ಸಾಗುತ್ತಿದ್ದುದರಿಂದ, ಅದರ ಮೇಲಕ್ಕೆ ನೀರು ಹರಿದುಬರುವಷ್ಟು ಇಳಿಜಾರೇ ಉಳಿದಿರುತ್ತಿರಲಿಲ್ಲ.

ಈ ದಾರಿಗಳನ್ನು ಅಗಲಗೊಳಿಸಿದ್ದು ಹತ್ತಿ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಧಾರವಾಡದ ಹತ್ತಿಯ ಮೇಲೆ ಕಣ್ಣು ಬಿದ್ದು, 1861ರಲ್ಲಿ ಅಮೇರಿಕದ ಅಂತರ್ಯುದ್ಧ ತೊಡಗಿ, ಅದರ ಬೆಲೆ ಏರಿದಾಗ, ಬಯಲುಸೀಮೆಯಿಂದ ಕುಮಟೆ ಕಾರವಾರಗಳ ಬಂದರಿಗೆ ಗಾಡಿ ಇಳಿಸುವುದು ಸಾಮ್ರಾಜ್ಯದ ಅಗತ್ಯವೇ ಆಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದಕ್ಕೂ ಈ ಹತ್ತಿಯ ನಂಟು ಉಂಟು. ದೇವಿಮನೆ, ಅರಬೈಲು, ಕೈಗಾ ಘಟ್ಟಗಳ ಗಾಡಿರಸ್ತೆಗಳ ಭಾಗ್ಯವೆಲ್ಲ ಈ ವ್ಯಾಪಾರಕ್ಕೆ ಕಟ್ಟುಬಿದ್ದಿತ್ತು.

ತುಂಬಿದ ಗಾಡಿಯನ್ನು ಎತ್ತುಗಳು ಎಳೆಯಬೇಕಾದರೆ, ಇಳಿಯುವಾಗ ತಡೆದು ನಿಲ್ಲಬೇಕಾದರೆ, ಸುಮಾರಾಗಿ ಇಪ್ಪತ್ತು ಅಡಿಗೆ ಒಂದಡಿಗಿಂತ ಹೆಚ್ಚು ಏರು ಇರಕೂಡದು. ಆದಕಾರಣ ರಸ್ತೆಯು ಏಣನ್ನು ಬಿಟ್ಟು ಗುಡ್ಡದ ಪಾರ್ಶ್ವಕ್ಕೆ ಇಳಿಯಿತು; ಮೇಲ್ಮಗ್ಗುಲನ್ನು ಕಡಿದು, ಕಡಿದ ಮಣ್ಣನ್ನು ಕೆಳಮಗ್ಗುಲಿಗೆ ಸುರಿದು, ಮೈಲುಗಟ್ಟಲೆ ಸುತ್ತುತ್ತ ಸಾಗಿತು. ಕಾಡಿನ ನೆಲದಲ್ಲಿ ದರಗಿನ ಕೆಳಗೆ ಇಂಗಿದ ಮಳೆನೀರು ಬೇರುಗಳ ನಡುವೆ ಮೆಲ್ಲಗೆ ಹಳ್ಳದ ಕಡೆಗೆ ಸಾಗುತ್ತಿರುತ್ತದೆ. ಕಡಿದ ಧರೆಯು ಆ ನೀರಿಗೆ ಅಡ್ಡ ಬಂದುದರಿಂದ, ನೆಲದೊಳಗಿದ್ದದ್ದು ಧರೆಯ ಬುಡದಲ್ಲಿ ಒಸರಿ ರಸ್ತೆಯ ಮೇಲೆ ಹರಿಯತೊಡಗಿತು. ಬೇಸಗೆಯ ಉದ್ದಕ್ಕೂ ಓಡಾಡಿದ ಗಾಡಿಗಳ ಕಬ್ಬಿಣದ ಪಟ್ಟಿ ಹೊಡೆದ ಸಪೂರ ಚಕ್ರಗಳು ಮುರಕಲ್ಲಿನ ಜಲ್ಲಿಯನ್ನು ಅರೆದು ಹುಡಿಮಾಡಿ, ಎರಡು ಆಳವಾದ ಜಾಡುಗಳನ್ನು ತೋಡಿಟ್ಟಿರುತ್ತಿದ್ದವು. ಮಳೆ ಹಿಡಿಯಿತೆಂದರೆ ಅವು ಸೂರಿನ ನೀರನ್ನು ಹಿಡಿಯುವ ಅಡಿಕೆಮರದ ದೋಣಿಯಂತೆ ರಸ್ತೆಯ ನೀರನ್ನೆಲ್ಲ ಕೂಡಿಸಿಕೊಂಡು, ಮುಂದಿನ ತಿರುವಿನವರೆಗೆ ಎಲ್ಲಿಯೂ ಬಿಟ್ಟುಕೊಡದೆ ಒಯ್ದು, ಅಲ್ಲಿ ಒಮ್ಮೆಲೇ ಕೆಳಮಗ್ಗುಲ ಸಡಿಲಮಣ್ಣಿನ ಮೇಲೆ ಸುರಿಯುತ್ತಿದ್ದವು. ಮೋರಿ ಕಟ್ಟಿಸಿದಲ್ಲಿಯೂ ಹೆಚ್ಚಿನ ಲಾಭವಾಗಲಿಲ್ಲ. ಚೆದುರಿ ಹರಿಯಬೇಕಾದ ನೀರು ಮೋರಿಯ ಬಾಯಲ್ಲಿ ಒಂದೇ ಧಾರೆಯಾಗಿ ಬಿದ್ದು ಕೆಳಗಿನ ಕಾಡಿನಲ್ಲಿ ಕೊರಕಲು ತೆರೆಯಿತು, ಕೊರಕಲು ಹಳ್ಳವನ್ನು ಮುಟ್ಟಿತು, ರಸ್ತೆಯ ಕೆಸರಿಗೆ ಹೊಳೆಯವರೆಗೂ ನೇರ ಹಾದಿಯಾಯಿತು.

ಮಲೆನಾಡಿನ ತೋಟಿಗನಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. ಸೊಪ್ಪಿನಬೆಟ್ಟದಿಂದ ಸೊಪ್ಪನ್ನೂ ದರಗನ್ನೂ ತಂದು ಅಡಿಕೆಮರದ ಬುಡಕ್ಕೆ ಹೊದಿಸುವಾಗ ಅವನ ಲಕ್ಷ್ಯ ಗೊಬ್ಬರದ ಮೇಲಿದ್ದಷ್ಟೇ ಮಳೆಹನಿಯ ಹೊಡೆತದ ಮೇಲೂ ಇತ್ತು. ಮನೆಯಿಂದ ತೋಟಕ್ಕಿಳಿಯುವ ದಾರಿಯಲ್ಲಿ ಹತ್ತು ಹೆಜ್ಜೆಗೊಂದು ಕಲ್ಲನ್ನೋ ಮರದ ತುಂಡನ್ನೋ ಓರೆಯಾಗಿ ಹುಗಿದು, ಅಷ್ಟಷ್ಟು ನೀರನ್ನು ಅಲ್ಲಲ್ಲಿಯೇ ಪಕ್ಕದ ಬೆಟ್ಟಕ್ಕೆ ತಿರುಗಿಸಿಬಿಡುವ ಜಾಣ್ಮೆ ಅವನದು. ಗಾಡಿರಸ್ತೆಗೆ ಇದು ಒಗ್ಗುವಂತಿರಲಿಲ್ಲ. ಓರೆಗಲ್ಲಿಗೆ ಚಕ್ರ ತಾಗಿದರೆ ಅಚ್ಚು ಮುರಿಯುವುದು. ಮಳೆಗಾಲದಲ್ಲಿ ಬಂದರು ಮುಚ್ಚುವುದು, ಗಾಡಿ ನಿಲ್ಲುವುದು, ರಸ್ತೆ ಕೊಚ್ಚಿಹೋಗುವುದು. ಮಳೆ ಕಳೆದ ಮೇಲೆ ಹೊಸ ಮಣ್ಣು ಸುರಿದು ಮಟ್ಟಮಾಡುವುದು. ಇದನ್ನು ದುರಸ್ತಿಯೆಂದು ಲೆಕ್ಕಕ್ಕೆ ಬರೆಯುತ್ತಿದ್ದರು. ಹೊಳೆಗೆ ಪ್ರತಿವರ್ಷವೂ ಹೊಸ ಮಣ್ಣನ್ನು ಒದಗಿಸುವ ಏರ್ಪಾಡೆಂದರೂ ತಪ್ಪಾಗದು.

ರಸ್ತೆಯನ್ನೇ ಹೆಸರಿಟ್ಟು ಆರೋಪಿಯ ಸ್ಥಾನದಲ್ಲಿ ನಿಲ್ಲಿಸಿದ ಪ್ರಕರಣಗಳು ಬಹಳ ತಡವಾಗಿ, ಬೇರೆ ದೇಶದಲ್ಲಿ ನಡೆದವು. ಅಮೇರಿಕದ ಐಡಾಹೊ ರಾಜ್ಯದಲ್ಲಿ ಸಾಲ್ಮನ್ ನದಿಯ ದಕ್ಷಿಣ ಕವಲಿನ ಮೇಲಣ ಗುಡ್ಡಗಳಲ್ಲಿ ಮರ ಸಾಗಿಸಲು ತೆಗೆದ ರಸ್ತೆಗಳು 1964-65ರ ಮಳೆಗೆ ಕುಸಿದು, ಮೀನು ಮೊಟ್ಟೆಯಿಡುವ ಹರಳಿನ ತಳವೆಲ್ಲ ಮರಳಿನಲ್ಲಿ ಹೂತುಹೋದಾಗ, ಅಲ್ಲಿಯ ಅರಣ್ಯ ಇಲಾಖೆಯು ಮರ ಕಡಿಯುವುದನ್ನೂ ರಸ್ತೆ ತೆಗೆಯುವುದನ್ನೂ ನಿಲ್ಲಿಸಬೇಕಾಯಿತು.

ನಮ್ಮಲ್ಲಿ 1880ರ ದಶಕದ ಕೊನೆಗೆ ಮಾರ್ಮಗೋವೆಯ ರೈಲು ಹುಬ್ಬಳ್ಳಿಯ ಹತ್ತಿಯನ್ನು ಕಸಿದುಕೊಂಡ ಮೇಲೆ ಕುಮಟೆ ಕಾರವಾರಗಳು ಕಳೆಗುಂದಿದವು. ದೊಡ್ಡ ರಸ್ತೆಗಳು ಕಾಲಾಂತರದಲ್ಲಿ ಡಾಂಬರು ಕಂಡವು. ಮಣ್ಣಿನ ರಸ್ತೆ ಮಾತ್ರ ಕಾಡಿನ ಒಳಕ್ಕೆ ಸರಿಯಿತು. ಆನೆ ಕೋಣಗಳು ಎಳೆಯುತ್ತಿದ್ದ ನಾಟಾವನ್ನು ಲಾರಿ ಹೊರತೊಡಗಿದಂದಿನಿಂದ ಮರ ಕಡಿಯುವ ಕೂಪಿಗೊಂದು ರಸ್ತೆ ಬೇಕಾಯಿತು; ಒಂದೆರಡು ಬೇಸಗೆಯ ಕೆಲಸಕ್ಕೆ ಅವಸರದಿಂದ ಕಡಿದ ಆ ರಸ್ತೆಗಳಿಗೆ ಚರಂಡಿಯೂ ಇಲ್ಲ, ನಾಟಾ ಸಾಗಿದ ಮೇಲೆ ಕೇಳುವವರೂ ಇಲ್ಲ. ಅವುಗಳಲ್ಲಿ ಕೆಲವನ್ನು ಗಿಡಗಂಟಿ ಮುಚ್ಚಿದೆ, ಕೆಲವು ಮಳೆಗಾಲದ ಹಳ್ಳಗಳಾಗಿವೆ. ಜೀಪು ಓಡಾಡುವ ಕಡೆ ಮಾತ್ರ ಜಾಡುಗಳಿಗೆ ಈಗಲೂ ವರ್ಷಂಪ್ರತಿ ಮಣ್ಣು ತುಂಬುತ್ತಾರೆ. ತುಂಬುವ ಮಣ್ಣನ್ನು ಪಕ್ಕದ ಧರೆಯಿಂದಲೇ ಕಡಿದು ತೆಗೆಯುತ್ತಾರೆ.